ಮೂವತ್ತೊಂದನೇ ಜಾಗದಲ್ಲಿ ಇಬ್ಬರು

ಈ ಪದವಿಗೆ ನಾನು ಕೊಟ್ಟ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಮುಚ್ಚಿಟ್ಟುಕೊಂಡು ಮಾತಾಡುವ ಅಂಗಡಿಯಲ್ಲಿ ಗಿರಾಕಿ ನಿಲ್ಲುವುದಿಲ್ಲ. ಐದೂವರೆ ವರ್ಷ, ಮತ್ತು ದೇವದುರ್ಗದ ಸಂತೆಯಲ್ಲಿ ನನ್ನ ನಾಲ್ಕು ಮೊಳದ ಜಾಗ. ಐದು ವರ್ಷ ಎಲ್ಲರಿಗೂ ಹಿಡಿಯುತ್ತದೆ: ಮೂರು ವರ್ಷ ಬಿ.ಎ., ಅದರ ಬೆನ್ನಿಗೇ ಎರಡು ವರ್ಷ ಎಂ.ಎ., ನಡುವೆ ಇನ್ನೊಂದು ಅರ್ಜಿ ಹಾಕುವ ಕಾಟವಿಲ್ಲ. ಮೇಲಿನ ಅರ್ಧ ವರ್ಷ ನನ್ನ ಸ್ವಂತ ತಪ್ಪಿನದು. ಈ ಬರಹವೇ ಅದರ ಬಗ್ಗೆ. ಜಾಗ ಹೋದದ್ದು ಸಂತೆಯ ಕಟ್ಟಳೆಯಿಂದ. ಸತತ ಮೂರು ಸಂತೆ ಕೂಡದಿದ್ದರೆ ಪಕ್ಕದವರು ನಿಮ್ಮ ಗುರುತಿನ ಕಲ್ಲನ್ನು ಕಾಲಿನಿಂದ ಸರಿಸುತ್ತಾರೆ. ಸರಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಆ ಜಾಗ ಹಿಡಿದದ್ದು ಹಾಗೆಯೇ.

ನಾನು ಮಾರುತ್ತಿದ್ದದ್ದು ಪ್ಲಾಸ್ಟಿಕ್ ಕೊಡ, ಬುಟ್ಟಿ, ಜರಡಿ. ವಾರಕ್ಕೊಂದು ದಿನ ದೇವದುರ್ಗ, ಒಂದು ದಿನ ಜಾಲಹಳ್ಳಿ, ಉಳಿದ ದಿನ ರಾಯಚೂರಿನ ರಸ್ತೆಬದಿ. ಪಿಯುಸಿ ಮುಗಿಸಿ ಎಂಟು ವರ್ಷ ಇದೇ ಕೆಲಸ. ಒಂದು ದಿನ ರಾಯಚೂರಿನಲ್ಲಿ ಟೇಪು ಹಿಡಿದು ಇಬ್ಬರು ಬಂದರು. ರಸ್ತೆಬದಿಯ ಗಟಾರು ಅಗಲ ಮಾಡುವುದಿತ್ತು. ಅವರು ಸುಣ್ಣದ ಗೆರೆ ಎಳೆಯುತ್ತಿದ್ದರೆ ನಾನು ನನ್ನ ರೂಢಿಯಂತೆ ಚೌಕಾಸಿಗಿಳಿದೆ: ಎರಡು ಮೊಳ ಆ ಕಡೆ ಹಾಕಿ, ಹೋಗಲಿ, ಒಂದು ಮೊಳ ಹಾಕಿ. ಟೇಪಿನ ಹುಡುಗ ಸಿಟ್ಟಾಗಲಿಲ್ಲ. “ಗೆರಿ ನಾವು ಹಾಕಾದಲ್ರಿ ಅಕ್ಕಾರ. ಹಾಳ್ಯಾಗ ಮೊದ್ಲ ಹಾಕಿ ಕಳ್ಸ್ಯಾರ” ಅಂದ.

ಆ ಮಾತು ನನ್ನನ್ನು ಕಾಲೇಜಿಗೆ ಎಳೆಯಿತು. ಎಂಟು ವರ್ಷ ನಾನು ಚೌಕಾಸಿ ಮಾಡಿದ್ದು ಬೆಲೆ ಹೇಳಿದ ಮೇಲೆ. ಬೆಲೆ ಕಟ್ಟುವವರು ಬೇರೆಲ್ಲೋ ಕೂತಿದ್ದರು. ಯಾರವರು, ಏನು ಓದಿರುತ್ತಾರೆ ಎಂದು ಕೇಳುತ್ತ ಹೋದರೆ ಸಿಕ್ಕಿದ್ದು ಈ ಐದು ವರ್ಷದ ಓದು: ನಗರ ಸಮಾಜಶಾಸ್ತ್ರ, ಅದರ ಜೊತೆಗೆ ನಗರದ ಮುಂದಿನ ಹತ್ತಿಪ್ಪತ್ತು ವರ್ಷದ ದಾರಿ ಗೊತ್ತುಮಾಡುವ ವಿದ್ಯೆ. ನಮ್ಮವ್ವ ಕೇಳಿದ್ದು ಒಂದೇ ಪ್ರಶ್ನೆ, ಓದಿದ ಮೇಲೆ ಕೊಡದ ವ್ಯಾಪಾರ ಬಿಡುತ್ತೀಯೋ ಇಲ್ಲವೋ ಅಂತ. ಬಿಡುವುದಿಲ್ಲ ಎಂದು ಸುಳ್ಳು ಹೇಳಿದೆ.

ಸೇರುವ ದಿನವೇ ಹಾಜರಿಯ ಬಗ್ಗೆ ಚೌಕಾಸಿ ನಡೆಸಿದೆ. ಸಂತೆಯ ದಿನ ನನಗೆ ರಜೆ ಬೇಕು, ನೀವು ಕ್ಷೇತ್ರಕಾರ್ಯ ಅನ್ನುತ್ತೀರಲ್ಲ, ನಾನು ಆ ಕ್ಷೇತ್ರದಲ್ಲೇ ಕೂತಿರುತ್ತೇನೆ ಎಂದೆ. ಎರಡು ವರ್ಷ ನಡೆಯಿತು. ಮೂರನೇ ವರ್ಷ ನಕ್ಷೆಯ ಪಾಠ ಸರಿಯಾಗಿ ದೇವದುರ್ಗದ ಸಂತೆಯ ದಿನಕ್ಕೇ ಬಿತ್ತು. ಜಾಗ ಹೋದದ್ದು ಆಗಲೇ.

ಓದು ನನಗೆ ಕಷ್ಟವಾಗಲಿಲ್ಲ. ಊರಿನೊಳಗೆ ಯಾರು ಯಾವ ಓಣಿಯಲ್ಲಿ ಯಾಕೆ ಇರುತ್ತಾರೆ, ನಲ್ಲಿ ಯಾವ ಓಣಿಗೆ ಮೊದಲು ಹೋಗುತ್ತದೆ, ಇವನ್ನೆಲ್ಲ ಕೊಡ ಮಾರುವವಳಿಗೆ ಹೇಳಿಕೊಡಬೇಕಿಲ್ಲ. ನೀರು ಎಲ್ಲಿ ಬರುವುದಿಲ್ಲವೋ ಅಲ್ಲಿ ನನ್ನ ವ್ಯಾಪಾರ. ನಾಲ್ಕನೇ ವರ್ಷ ತರಗತಿಯಲ್ಲೇ ಸಮಿತಿಯ ಆಟ ಆಡಿಸುತ್ತಿದ್ದರು: ಒಬ್ಬರು ಅಧಿಕಾರಿ, ಒಬ್ಬರು ಮಳಿಗೆ ಮಾಲೀಕ, ಒಬ್ಬರು ಬೀದಿ ವ್ಯಾಪಾರಿ. ಯಾವ ಪಾತ್ರ ಕೊಟ್ಟರೂ ನಾನೇ ಗೆಲ್ಲುತ್ತಿದ್ದೆ. ನನಗೆ ಮಾರ್ಗದರ್ಶಕರಾಗಿದ್ದ ಮೇಡಂ ಒಮ್ಮೆ ಹೇಳಿದರು: “ನೀ ಗೆಲ್ತಿ, ಖರೆ. ಎದ್ರಿಗಿದ್ದೋರು ಏನಂದ್ರು ಅಂತ ನಿನಗ ನೆನಪಿರ್ತದೇನು?” ನಾನು ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದೆ.

ಕೊನೆಯ ವರ್ಷ ಪ್ರಬಂಧಕ್ಕೆ ಮಾನ್ವಿಯ ಮಾರುಕಟ್ಟೆ ಆರಿಸಿಕೊಂಡೆ. ಬಸ್ ನಿಲ್ದಾಣದ ಬದಿಯ ಬಯಲಲ್ಲಿ ನೆಲದ ಮೇಲೆ ಕೂತು ಮಾರುವವರಿಗೆ ಸಿಮೆಂಟಿನ ಕಟ್ಟೆ ಕಟ್ಟಿಸಿಕೊಡುವ ಯೋಜನೆ ಬಂದಿತ್ತು. ಒಂದು ಕಟ್ಟೆಗೆ ಒಂದು ನಂಬರು, ಒಂದು ನಂಬರಿಗೆ ಒಂದು ಗುರುತಿನ ಕಾರ್ಡು. ಪುರಸಭೆ ಕಚೇರಿಯವರಿಗೆ ಯಾರು ಎಲ್ಲಿ ಕೂಡುತ್ತಾರೆ ಎಂಬ ಪಟ್ಟಿ ಬೇಕಿತ್ತು, ನನಗೆ ಪ್ರಬಂಧ ಬೇಕಿತ್ತು. ಮಾತುಕತೆ ಅರ್ಧ ತಾಸಿನಲ್ಲಿ ಮುಗಿಯಿತು. ಪಟ್ಟಿ ನಾನು ಮಾಡಿಕೊಡುವುದು, ಅದನ್ನೇ ಅವರು ಆಧಾರವಾಗಿ ಇಟ್ಟುಕೊಳ್ಳುವುದು. ಪದವಿ ಕೈಗೆ ಬಂದ ಕೂಡಲೇ ಗುತ್ತಿಗೆಯ ಮೇಲೆ ಒಂದು ಸಹಾಯಕ ಹುದ್ದೆಗೆ ನನ್ನ ಅರ್ಜಿಯನ್ನು ನೋಡುವುದು. ಅಷ್ಟು ಒಳ್ಳೆಯ ವ್ಯವಹಾರ ನಾನು ಜೀವಮಾನದಲ್ಲೇ ಮಾಡಿರಲಿಲ್ಲ.

ಹತ್ತು ಮುಂಜಾನೆ ಹೋದೆ. ರಾಯಚೂರಿನಿಂದ ಮೊದಲ ಬಸ್ಸಿಗೆ ಹೊರಟು ವ್ಯಾಪಾರ ಬಿರುಸಾಗುವ ಹೊತ್ತಿಗೆ ತಲುಪಿ, ಮಧ್ಯಾಹ್ನದ ತರಗತಿಗೆ ತಿರುಗಿ ಬರುತ್ತಿದ್ದೆ. ಪ್ರತಿ ಜಾಗದ ಮುಂದೆ ನಿಂತು ಈ ಜಾಗ ಯಾರದು, ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಎಲ್ಲರ ಉತ್ತರ ಒಂದೇ: ನಂದ, ನಾನೊಬ್ಬಾಕೀನ. ಒಂದು ಜಾಗ, ಒಂದು ಹೆಸರು, ಒಂದು ಸಾಲು. ನಮೂನೆಯಲ್ಲಿ ‘ವ್ಯಾಪಾರದ ವೇಳೆ’ ಎಂದೊಂದು ಅಂಕಣವಿತ್ತು. ಅದನ್ನು ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಎಲ್ಲ ಸಾಲಿಗೂ ‘ದಿನವಿಡೀ’ ಎಂದು ಬರೆದೆ. ನಕ್ಷೆ ಎಷ್ಟು ಚೊಕ್ಕವಾಗಿ ಬಂತೆಂದರೆ ನಾನೇ ಎರಡು ಸಲ ಬಿಡಿಸಿ ನೋಡಿದೆ. ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದರು. ಆಕ್ಷೇಪಣೆಗೆ ಹದಿನೈದು ದಿನ, ಆಮೇಲೆ ಅಂತಿಮ. ನನ್ನ ಮೌಖಿಕ ಪರೀಕ್ಷೆಯ ದಿನವೂ ಗೊತ್ತಾಯಿತು.

ಹದಿನೈದರಲ್ಲಿ ಹತ್ತು ದಿನ ಕಳೆದಿದ್ದವು. ಕಾಯಿಪಲ್ಲೆ ಎಲ್ಲಿಂದ ಬರುತ್ತದೆ ಎಂಬ ಅಧ್ಯಾಯಕ್ಕಾಗಿ ಚೀಕಲಪರ್ವಿಗೆ ಹೋಗಿದ್ದೆ. ತಿರುಗಿ ಬರುವ ಬಸ್ಸು ತಡವಾಗಿ ಮಾನ್ವಿ ಮುಟ್ಟಿದಾಗ ಸಂಜೆ ಐದು ದಾಟಿತ್ತು. ರಾಯಚೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಚಹಾ ಕುಡಿಯಲು ಮಾರುಕಟ್ಟೆಗೆ ನಡೆದೆ. ಅದು ನಾನು ಬರೆದ ಮಾರುಕಟ್ಟೆಯಾಗಿರಲಿಲ್ಲ. ಅವೇ ಜಾಗ, ಅವೇ ಕಲ್ಲು, ಕೂತವರು ಬೇರೆ. ಕೊತ್ತಂಬರಿ ಇದ್ದಲ್ಲಿ ಮಲ್ಲಿಗೆ, ಬದನೆಕಾಯಿ ಇದ್ದಲ್ಲಿ ಮಿರ್ಚಿ ಕರಿಯುವ ಒಲೆ. ಮೂವತ್ತೊಂದನೇ ಜಾಗದಲ್ಲಿ ನಾನು ಕಾಯಿಪಲ್ಲೆ ಮಾರುವ ಹೆಂಗಸಿನ ಹೆಸರು ಬರೆದಿದ್ದೆ. ಅಲ್ಲಿ ಐವತ್ತು ದಾಟಿದ ಒಬ್ಬಾಕೆ ಜೋಳದ ಒಣ ಕಟಕ ರೊಟ್ಟಿ ಇಟ್ಟುಕೊಂಡು ಕೂತಿದ್ದಳು.

ಈ ಜಾಗ ಕಾಯಿಪಲ್ಲೆ ಅಕ್ಕನದಲ್ಲವೇ ಎಂದು ಕೇಳಿದೆ. ಆಕೆ ನನ್ನ ಚೀಲದಿಂದ ಇಣುಕುತ್ತಿದ್ದ ಹಾಳೆಗಳನ್ನು ನೋಡಿ, ಹೌದು ಆಕೀದ, ನಾನು ಸುಮ್ಮನೆ ಕುಂತೀನಿ ಎಂದಳು. ಸುಮ್ಮನೆ ಕೂತವಳ ಮುಂದೆ ಮೊಳದುದ್ದದ ರೊಟ್ಟಿಯ ಗುಡ್ಡ, ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ. ನಾನು ಕೂತು ನಾಲ್ಕು ರೊಟ್ಟಿ ಕೊಂಡೆ. ಆಮೇಲೆ ಮೆಲ್ಲಗೆ ಕೇಳಿದೆ:

“ಮುಂಜಾನಿ ಚೀಟಿ ಎಲ್ಲಿಟ್ಟೀರಿ ಯವ್ವಾ, ಬುಟ್ಟಿ ತಳಕೋ ಸೆರಗಿಗೋ?”

ಆಕೆ ನಕ್ಕುಬಿಟ್ಟಳು. “ಬುಟ್ಟಿ ತಳಕ. ನಿನಗ ಹ್ಯಾಂಗ ಗೊತ್ತ ಬೇ?”

ಗೊತ್ತಿರದೆ ಏನು. ಮಾರುಕಟ್ಟೆಯಲ್ಲಿ ಜಾಗದ ಕರ ವಸೂಲಿಯವನು ದಿನಕ್ಕೊಂದು ಚೀಟಿ ಹರಿಯುತ್ತಾನೆ. ಮುಂಜಾನೆ ಕೂತವರು ಕರ ಕೊಟ್ಟು, ಎದ್ದು ಹೋಗುವಾಗ ಆ ಚೀಟಿಯನ್ನು ಸಂಜೆಯವರಿಗೆ ಬಿಟ್ಟು ಹೋಗುತ್ತಾರೆ. ಇಬ್ಬರಿದ್ದಾರೆಂದು ತಿಳಿದರೆ ಎರಡು ಚೀಟಿ. ಹಾಗಾಗಿ ಕೈಯಲ್ಲಿ ಹಾಳೆ ಹಿಡಿದು ಯಾರೇ ಬರಲಿ, ಉತ್ತರ ಒಂದೇ: ನಂದ, ನಾನೊಬ್ಬಾಕೀನ. ದೇವದುರ್ಗದಲ್ಲಿ ನನ್ನ ಜಾಗಕ್ಕೆ ಮಧ್ಯಾಹ್ನದ ಮೇಲೆ ಬಳೆಗಾರ್ತಿಯೊಬ್ಬಳು ಬರುತ್ತಿದ್ದಳು. ಆಕೆಯ ಹೆಸರನ್ನು ನಾನು ವರ್ಷಗಟ್ಟಲೆ ಇದೇ ಮಾತಿನಿಂದ ಮುಚ್ಚಿಟ್ಟಿದ್ದೆ. ಅದೇ ಸುಳ್ಳನ್ನು ನನಗೇ ಹೇಳಿದಾಗ ನಂಬಿ ಹತ್ತು ಮುಂಜಾನೆ ಬರೆದುಕೊಂಡಿದ್ದೆ. ಈ ಸಲ ಹಾಳೆ ನನ್ನ ಕೈಯಲ್ಲಿತ್ತು, ಅಷ್ಟೇ ವ್ಯತ್ಯಾಸ.

ರೊಟ್ಟಿಯ ಯವ್ವ ಬಾಯಿಬಿಟ್ಟಳು. ಒಂಬತ್ತು ವರ್ಷದಿಂದ ನಾಲ್ಕು ಗಂಟೆಗೆ ಬಂದು ಕೂಡುತ್ತಾಳೆ. ಓಣಿಯ ಇನ್ನಿಬ್ಬರು ಹೆಂಗಸರು ಅವಳ ಜೊತೆ ರೊಟ್ಟಿ ಬಡಿಯುತ್ತಾರೆ, ಮಾರುವುದು ಇವಳ ಪಾಲು. ಮೂರು ಮನೆಯ ಒಲೆ ಈ ನಾಲ್ಕು ಮೊಳದ ಮೇಲೆ. ಆಮೇಲೆ ಗುಟ್ಟು ಹೇಳುವಂತೆ ಬಾಗಿದಳು: “ಮೊನ್ನಿ ಯಾರೋ ಒಬ್ಬಾಕಿ ಹಾಳಿ ಹಿಡ್ಕಂಡು ಬಂದಿದ್ಲಂತ. ನಮ್ಮಕ್ಕ ಶಾಣ್ಯಾಕಿ. ನನ್ನ ಹೆಸರ ಎತ್ತಲಿಲ್ಲಂತ. ದೇವ್ರಂಥಾಕಿ ಬಿಡು.”

ಆ ಹಾಳೆಯವಳು ನಾನೇ ಎಂದೆ. ಕಟ್ಟೆ, ನಂಬರು, ಕಾರ್ಡು ಎಲ್ಲ ಬಿಡಿಸಿ ಹೇಳಿದೆ. ಅಕ್ಕ ಹೆಸರು ಎತ್ತದ ಕಾರಣಕ್ಕೇ ನಿಮ್ಮ ಹೆಸರು ಎಲ್ಲೂ ಇಲ್ಲ ಎಂದೆ. ಆಕೆ ರೊಟ್ಟಿಯ ಅಂಚು ಸರಿಮಾಡಿದಳು.

“ಹಂಗಂದ್ರ ನಾ ಎಲ್ಲಿ ಕುಂದ್ರಲಿ?”

ಮರುದಿನ ಮೇಡಂ ಮನೆಗೆ ಹೋದೆ. ನನ್ನ ಮನಸ್ಸಿನಲ್ಲಿ ಒಂದು ಅಗ್ಗದ ದಾರಿ ಆಗಲೇ ಸಿದ್ಧವಾಗಿತ್ತು: ಪ್ರಬಂಧದ ಕೊನೆಗೆ ‘ಅಧ್ಯಯನದ ಮಿತಿಗಳು’ ಎಂಬ ಅಧ್ಯಾಯದಲ್ಲಿ, ಸಂಜೆಯ ವ್ಯಾಪಾರಿಗಳನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂದು ಒಂದು ಸಾಲು ಸೇರಿಸುವುದು. ಮೇಡಂ ಪೂರ್ತಿ ಕೇಳಿಸಿಕೊಂಡರು. “ಪ್ರಬಂಧಕ್ಕ ಅಷ್ಟು ಸಾಕು, ಪಾಸೂ ಆಗ್ತಿ. ಆದ್ರ ಕಚೇರಿ ಗೋಡಿ ಮ್ಯಾಲ ಆ ಮಿತಿಗಳ ಸಾಲು ಯಾರು ಅಂಟಸ್ತಾರ?” ಎಂದರು.

ಪ್ರಬಂಧ ಹಿಂತೆಗೆದುಕೊಂಡರೆ ಪರೀಕ್ಷೆ ಮುಂದಿನ ಸೆಮಿಸ್ಟರಿಗೆ ಹೋಗುತ್ತದೆ, ಆ ಹುದ್ದೆ ಅಷ್ಟು ದಿನ ಕಾಯುವುದಿಲ್ಲ. ಇದನ್ನು ಅವರೂ ಬಲ್ಲರು, ನಾನೂ ಬಲ್ಲೆ. ನಾನು ಎರಡು ದಿನ ಸಮಯ ಕೇಳಿದೆ. ಅವರು ಒಂದು ದಿನ ಕೊಟ್ಟರು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಕೆಲವೇ ಜನರಲ್ಲಿ ಅವರೊಬ್ಬರು.

ಕಚೇರಿಗೆ ಹೋಗಿ ಇನ್ನೊಂದು ಪಟ್ಟಿ ಕೊಡುತ್ತೇನೆ, ಸೇರಿಸಿಕೊಳ್ಳಿ ಎಂದೆ. ಗುಮಾಸ್ತರು ಒಳ್ಳೆಯವರು, ಆದರೆ ನಿಯಮ ನಿಯಮವೇ. ಗೋಡೆಗೆ ಹತ್ತಿದ ಪಟ್ಟಿಯನ್ನು ನಾನು ತಿದ್ದುವಂತಿಲ್ಲ. ಹೆಸರು ಬಿಟ್ಟುಹೋದವರೇ ಖುದ್ದು ಬಂದು ಅರ್ಜಿ ಕೊಡಬೇಕು. ಒಂದೇ ಜಾಗಕ್ಕೆ ಇಬ್ಬರನ್ನು ಸೇರಿಸಬಹುದೇ ಎಂದು ಕೇಳಿದೆ. ಅವರು ನನ್ನದೇ ನಮೂನೆ ತೆಗೆದು ‘ವ್ಯಾಪಾರದ ವೇಳೆ’ ಅಂಕಣದ ಮೇಲೆ ಬೆರಳಿಟ್ಟರು. ವೇಳೆ ಬೇರೆ ಬೇರೆ ಇದ್ದರೆ ಸೇರಿಸಬಹುದಿತ್ತು. ನಾನು ‘ದಿನವಿಡೀ’ ಎಂದು ಬರೆದಿದ್ದೆನಲ್ಲ, ಇಡೀ ದಿನವನ್ನು ಮುಂಜಾನೆಯವರಿಗೇ ಬರೆದುಕೊಟ್ಟಿದ್ದೆ. ಈಗ ಮುಂಜಾನೆಯವಳೂ ಬಂದು, ನನ್ನ ವೇಳೆ ಇಂತಿಷ್ಟೇ ಎಂದು ಸಹಿ ಮಾಡಬೇಕು. ಕೊನೆಯ ದಿನ ಸಂಜೆ ಐದರೊಳಗೆ.

ಉಳಿದದ್ದು ಮೂರು ದಿನ. ಹೆಸರಿನಲ್ಲಿ ಬಂದ ಪೂರ್ತಿ ಜಾಗವನ್ನು ಯಾರು ತಾನಾಗಿ ಅರ್ಧ ಬಿಟ್ಟುಕೊಡುತ್ತಾರೆ?

ಒಬ್ಬಳು ಎದ್ದು ಇನ್ನೊಬ್ಬಳು ಕೂಡುವ ಹೊತ್ತಿಗೆ ಮೂವತ್ತೊಂದಕ್ಕೆ ಹೋದೆ. ಕಾಯಿಪಲ್ಲೆಯ ಅಕ್ಕ ಚೀಲ ಝಾಡಿಸುತ್ತಿದ್ದಳು. ನಾನು ಹೇಳುವುದನ್ನೆಲ್ಲ ಕೇಳಿ ಚೀಲ ಕೆಳಗಿಟ್ಟಳು.

“ನೋಡ್ ಬೇ, ನೀ ಕೇಳಿದಿ, ನಾ ಹೇಳಿದೆ. ಬರದದ್ದು ಬರದಂಗ ಇರ್ಲಿ. ಈಗ ಇಬ್ರು ಅಂದ್ರ ಕಟ್ಟಿ ಇಬ್ಭಾಗ ಮಾಡ್ತಾರ. ಅರ್ಧ ಕಟ್ಟಿ ಮ್ಯಾಲ ನಾ ಕೊತ್ತಂಬ್ರಿ ಇಡ್ಲೋ, ನಾನ ಕುಂದ್ರಲೋ?”

ಕಟ್ಟೆ ಅಲ್ಲ, ಹೊತ್ತು ಇಬ್ಭಾಗವಾಗುವುದು ಎಂದೆ. ಹೊತ್ತು ಕೊಟ್ಟವಳು ನಾಳೆ ಜಾಗ ಕೊಡು ಅಂದರೂ ಕೊಡಬೇಕಾಗುತ್ತದೆ, ಓದಿದವರ ಮಾತು ಹೀಗೇ ಶುರುವಾಗುವುದು ಎಂದು ಆಕೆ ಚುಚ್ಚಿದಳು. ತಪ್ಪಾಗಿರಲಿಲ್ಲ. ನಾನು ರೊಟ್ಟಿಯ ಯವ್ವನ ಕಡೆ ನೋಡಿದೆ, ಆಕೆಯಾದರೂ ಒಂದು ಮಾತು ಕೇಳಲಿ ಎಂದು. ಆಕೆ ನನ್ನನ್ನೇ ತಡೆದಳು. “ಬಿಡು ಯವ್ವಾ. ನಮ್ಮಕ್ಕ ಹೋಗಿ ನಾ ಸುಳ್ಳ ಹೇಳಿದ್ದೆ ಅಂತ ಸಾಹೇಬ್ರ ಮುಂದ ನಿಂದ್ರಾದು ನನಗ ಬ್ಯಾಡ.”

ಅವಳು ಹಾಗೆಂದ ಮೇಲೆ ನನ್ನ ಕೈ ಕಟ್ಟಿದಂತಾಯಿತು. ಬೇಡಿಕೆ ಇಡದವರ ಪರವಾಗಿ ಚೌಕಾಸಿ ಮಾಡುವುದು ಹೇಗೆ? ಕೊನೆಗೆ ಅಕ್ಕನಿಗೆ ಅವಳ ಲಾಭವನ್ನೇ ತೋರಿಸಿದೆ. ಕಾರ್ಡಿನ ಹಿಂದೆ ನಿಯಮ ಅಚ್ಚಾಗಿರುತ್ತದೆ, ಜಾಗವನ್ನು ಬೇರೆಯವರಿಗೆ ಬಿಡುವಂತಿಲ್ಲ. ಸಂಜೆ ತಪಾಸಣೆಗೆ ಬಂದವರು ನಿಮ್ಮ ಕಟ್ಟೆಯ ಮೇಲೆ ಈ ಯವ್ವನನ್ನು ಕಂಡರೆ ನಿಮ್ಮ ಕಾರ್ಡೇ ರದ್ದು. ಇವಳನ್ನು ಎಬ್ಬಿಸಿದಿರೋ, ಖಾಲಿ ಕಟ್ಟೆಗೆ ಅಗೋ, ಆ ಪಕ್ಕದಲ್ಲಿ ನಿಂತ ಪಪ್ಪಾಯಿ ಬಂಡಿಯವನು ಒರಗುತ್ತಾನೆ. ಸಂಜೆ ಒರಗಿದ ಬಂಡಿ ಮುಂಜಾನೆ ಹೋಗುತ್ತದೆಯೇ, ನೀವೇ ಹೇಳಿ. ಆಕೆ ಬಂಡಿಯ ಕಡೆ ಒಮ್ಮೆ ನೋಡಿ, “ನೀ ಹೋಗು. ನಾವು ನಾವು ಮಾತಾಡ್ತೀವಿ” ಅಂದಳು.

ಕೊನೆಯ ಬೆಲೆ ಹೇಳಿದ ಮೇಲೆ ಗಿರಾಕಿಗೆ ಬೆನ್ನು ತೋರಿಸಬೇಕು, ಕರೆದರೂ ಮೂರು ಹೆಜ್ಜೆ ನಡೆದ ಮೇಲೆಯೇ ತಿರುಗಬೇಕು. ಆ ದಿನ ಯಾರೂ ಕರೆಯಲಿಲ್ಲ. ಅಂದೇ ಮೇಡಂಗೆ ಫೋನು ಮಾಡಿ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಮುಂದಿನ ಎರಡು ದಿನ ಉಳಿದ ಸಂಜೆಯವರ ಹತ್ತಿರ ಒಬ್ಬೊಬ್ಬರಾಗಿ ಕೂತು ಅರ್ಜಿ ತುಂಬಿಸಿದೆ. ಹಲವರು ಅರ್ಜಿ ಮಡಚಿ ಇಟ್ಟುಕೊಂಡು, ನೋಡೋಣ ಎಂದರು. ಹೂವಿನವಳು ಆ ಹಾಳೆಯಲ್ಲೇ ಗಿರಾಕಿಗೆ ಮಲ್ಲಿಗೆ ಕಟ್ಟಿಕೊಟ್ಟಳು.

ಕೊನೆಯ ದಿನ ಮೂರು ಗಂಟೆಯಿಂದ ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಕೆಲವು ಜೋಡಿಗಳು ಬಂದವು, ಕೆಲವರು ಒಬ್ಬರೇ ಬಂದು ತಿರುಗಿ ಹೋದರು. ನಾಲ್ಕು ದಾಟಿದ ಮೇಲೆ ರೊಟ್ಟಿಯ ಯವ್ವ ಬಂದಳು, ಒಬ್ಬಳೇ. ಇನ್ನೊಬ್ಬರ ಸಹಿ ಇಲ್ಲದೆ ಆಗುವುದಿಲ್ಲ ಎಂದು ಗುಮಾಸ್ತರು ಹೇಳಿದರು. ಆಕೆ ನನ್ನ ಪಕ್ಕ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ರೊಟ್ಟಿ ಬುಟ್ಟಿ ಯಾರಿಗೆ ಒಪ್ಪಿಸಿ ಬಂದಿರಿ ಎಂದು ಕೇಳಿದೆ. ಆಕೆ ಕೂತಲ್ಲೇ ಬಾಗಿಲ ಕಡೆ ನೋಡುವುದು, ಗೋಡೆಯ ಗಡಿಯಾರ ನೋಡುವುದು. ಗಡಿಯಾರ ಓದಲು ಬರುವುದಿಲ್ಲವೆಂದು ಆಮೇಲೆ ಗೊತ್ತಾಯಿತು, ಎಷ್ಟಾಯಿತು ಎಂದು ನನ್ನನ್ನು ನಾಲ್ಕು ಸಲ ಕೇಳಿದಳು. ನಾಲ್ಕೂವರೆಗೆ ಗುಮಾಸ್ತರು ಮೊಹರನ್ನು ಡಬ್ಬಿಗೆ ಹಾಕಿದರು.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಕಾಯಿಪಲ್ಲೆಯ ಅಕ್ಕ ಒಳಗೆ ಬಂದಳು. ನನ್ನತ್ತ ನೋಡಲಿಲ್ಲ, ನೇರ ಮೇಜಿಗೆ ಹೋದಳು. ನಾನು ತುಂಬಿಟ್ಟ ಅರ್ಜಿಯಲ್ಲಿ ಅವಳ ವೇಳೆ ಮಧ್ಯಾಹ್ನ ಹನ್ನೆರಡರವರೆಗೆ ಎಂದಿತ್ತು.

“ಎರಡು ಗಂಟಿ ತನ ಅಂತ ಬರೀರಿ ಸಾಹೇಬ್ರ” ಅಂದಳು.

ರೊಟ್ಟಿಯ ಯವ್ವ ಎದ್ದು ನಿಂತಳು. “ಮೂರ ತನ ಬರ್ಕೊಳ್ರಿ. ನಾ ಬರಾದು ನಾಕಕ್ಕ.”

“ಎರಡು ಅಂದ್ರ ಎರಡ. ಹೊತ್ತು ದಾನ ಮಾಡಾಕ ಬಂದೀಯೇನು?” ಎಂದು ಅಕ್ಕ ಅವಳನ್ನು ಗದರಿದಳು. ಆಮೇಲೆ ಗುಮಾಸ್ತರಿಗೆ, ತಗ್ಗಿದ ದನಿಯಲ್ಲಿ: “ಆವತ್ತ ನಾನೊಬ್ಬಾಕೀನ ಅಂತ ಹೇಳಿದ್ದೆ. ಅದು ತಪ್ಪು. ಬರ್ಕೊಳ್ರಿ.”

ಗುಮಾಸ್ತರು ಡಬ್ಬಿಯಿಂದ ಮೊಹರು ತೆಗೆದು ಎರಡು ಹಾಳೆಗೂ ಒತ್ತಿದರು. ಅಕ್ಕ ಸಹಿ ಮಾಡಿದಳು, ಯವ್ವ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದ ಮೇಲೆ ಅಕ್ಕ ನನಗೆ ಹೇಳಿದ್ದು ಇಷ್ಟೇ: ಇನ್ನು ಮೇಲೆ ಎರಡು ಚೀಟಿ, ಅದು ನಿನ್ನ ದೆಸೆಯಿಂದ. ಇಬ್ಬರೂ ಮಾರುಕಟ್ಟೆಯ ಕಡೆ ಒಟ್ಟಿಗೆ ಹೋದರು.

ಹೀಗೆ ಬಂದ ಜೋಡಿಗಳು ಅರ್ಧಕ್ಕಿಂತ ಕಡಿಮೆ. ಹೂವಿನವಳು ಬರಲಿಲ್ಲ. ಜೋಡಿ ಬಾರದ ಜಾಗಗಳ ಸಾಲಿನಲ್ಲಿ ‘ದಿನವಿಡೀ’ ಎಂಬುದು ನನ್ನ ಕೈಬರಹದಲ್ಲೇ ಅಂತಿಮ ಪಟ್ಟಿ ಸೇರಿದೆ. ನಾನು ಆರು ತಿಂಗಳು ಕೂತು ಮೂರು ಹೊತ್ತಿನ ಮೂರು ನಕ್ಷೆ ಮಾಡಿ ಪ್ರಬಂಧ ಮತ್ತೆ ಬರೆದೆ, ಪಾಸಾದೆ. ಆ ಹುದ್ದೆಗೆ ಬೇರೆಯವರು ಬಂದರು. ಈಗ ನಾನು ಬೇರೆ ಊರುಗಳಿಗೆ ಇಂಥವೇ ಪಟ್ಟಿ ಮಾಡಿಕೊಡುತ್ತೇನೆ, ನನ್ನ ದರ ಸ್ವಲ್ಪ ಜಾಸ್ತಿ.

ನೀವು ಈ ಓದಿಗೆ ಸೇರುವವರಾದರೆ, ಅಥವಾ ಮಕ್ಕಳನ್ನು ಸೇರಿಸುವವರಾದರೆ, ನಾಲ್ಕು ಮಾತು ಕೇಳಿ. ಸೇರುವ ಮುಂಚೆ ಐದೂ ವರ್ಷದ ವೇಳಾಪಟ್ಟಿ ಕೇಳಿ, ಮೊದಲ ವರ್ಷದ್ದನ್ನು ಮಾತ್ರ ನೋಡಿ ಸಹಿ ಮಾಡಬೇಡಿ. ಮೂರು ವರ್ಷಕ್ಕೆ ಬಿಟ್ಟರೆ ಬಿ.ಎ. ಪ್ರಮಾಣಪತ್ರ ಕೊಡುತ್ತಾರೋ ಇಲ್ಲವೋ, ಅದನ್ನು ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ಮಾತಿಗೆ ತಲೆಯಾಡಿಸುವ ಮಾರ್ಗದರ್ಶಕರನ್ನು ಆರಿಸಿಕೊಳ್ಳಬೇಡಿ. ಮಾರುಕಟ್ಟೆಗೆ ಮೊದಲ ಎರಡು ಸಲ ಹಾಳೆ ಇಲ್ಲದೆ ಹೋಗಿ, ಏನಾದರೂ ಕೊಳ್ಳಿ, ಕೂಡಿ. “ಜಾಗ ಯಾರದು” ಎಂದು ಕೇಳಬೇಡಿ, “ನೀವು ಎದ್ದ ಮೇಲೆ ಯಾರು ಬರ್ತಾರ” ಎಂದು ಕೇಳಿ. ಗೊತ್ತಿಲ್ಲದ ಅಂಕಣ ಖಾಲಿ ಬಿಡಿ, ಖಾಲಿ ಅಂಕಣದಿಂದ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಪಟ್ಟಿ ಗೋಡೆಗೆ ಹತ್ತಿದ ಮೊದಲ ದಿನವೇ ಅದನ್ನು ಓದಲು ಬಾರದವರ ಮುಂದೆ ಗಟ್ಟಿಯಾಗಿ ಓದಿ, ಹತ್ತು ದಿನ ಕಾಯಬೇಡಿ. ಇನ್ನು ಅರ್ಜಿ ಯಾರದೇ ಇರಲಿ, ಮೊಹರು ಬಿದ್ದ ಸ್ವೀಕೃತಿಯನ್ನು ಅವರ ಕೈಯಲ್ಲೇ ಕೊಡಿಸಿ. ಒಂದು ಜೆರಾಕ್ಸ್ ನೀವು ಇಟ್ಟುಕೊಳ್ಳಿ.